ಈಟಿಂಗ್ ಡಿಸಾರ್ಡರ್‌ನ ಹಿಂದೆ ಲೈಂಗಿಕ ಆಘಾತವಿದ್ದಾಗ: ಥೆರಪಿಸ್ಟ್ ಏನೇನು ಸಿದ್ಧ ಮಾಡಿಕೊಳ್ಳಬೇಕು

ಈಟಿಂಗ್ ಡಿಸಾರ್ಡರ್‌ಗೆ, ಅಂದರೆ ಊಟಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆಗೆ, ಚಿಕಿತ್ಸೆ ಕೊಡುವವರು ‘ಮೊದಲು ಊಟ ಸರಿಹೋಗಲಿ, ಆ ವಿಷಯ ಆಮೇಲೆ ನೋಡೋಣ’ ಎನ್ನುತ್ತಾರೆ. ಆಘಾತಕ್ಕೆ ಚಿಕಿತ್ಸೆ ಕೊಡುವವರು ‘ಮೊದಲು ವಾಂತಿ ಮಾಡುವುದು ನಿಲ್ಲಲಿ, ಆಮೇಲೆ ಬನ್ನಿ’ ಎನ್ನುತ್ತಾರೆ. ಬಾಲ್ಯದಲ್ಲೋ ಆಮೇಲೋ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿ, ಈಗ ಊಟದ ಜೊತೆ ಗುದ್ದಾಡುತ್ತಿರುವ ಎಷ್ಟೋ ಜನ ಈ ಎರಡು ಬಾಗಿಲುಗಳ ನಡುವೆ ವರ್ಷಗಟ್ಟಲೆ ಅಲೆಯುತ್ತಾರೆ. ಇಬ್ಬರು ಚಿಕಿತ್ಸಕರಿಗೂ ಕೆಟ್ಟ ಮನಸ್ಸಿಲ್ಲ. ಇಬ್ಬರಿಗೂ ಅರ್ಧ ತರಬೇತಿ ಆಗಿದೆ, ಉಳಿದ ಅರ್ಧದ ಬಗ್ಗೆ ಭಯ ಇದೆ. ಆ ಉಳಿದ ಅರ್ಧವನ್ನು ಹೇಗೆ ತುಂಬಿಕೊಳ್ಳಬೇಕು, ಎರಡನ್ನೂ ಒಂದೇ ಯೋಜನೆಯಲ್ಲಿ ಹೇಗೆ ನಡೆಸಬೇಕು ಎಂಬುದನ್ನು ಇಲ್ಲಿ ಹೇಳುತ್ತೇವೆ.

ಎರಡರ ನಂಟು ಎಂಥದ್ದು

ಬಾಲ್ಯದ ಲೈಂಗಿಕ ದೌರ್ಜನ್ಯ ಈಟಿಂಗ್ ಡಿಸಾರ್ಡರ್‌ನ ಅಪಾಯವನ್ನು ಹೆಚ್ಚಿಸುತ್ತದೆ. ಆದರೆ ಅದು ಈ ಕಾಯಿಲೆಗೆ ಮಾತ್ರ ಸೀಮಿತವಾದ ಕಾರಣವಲ್ಲ; ಖಿನ್ನತೆ, ವ್ಯಸನ, ಆತ್ಮಹತ್ಯೆಯ ಯೋಚನೆ ಇವುಗಳ ಅಪಾಯವನ್ನೂ ಅದೇ ಹೆಚ್ಚಿಸುತ್ತದೆ. ಬರೀ ಊಟ ಕಡಿಮೆ ಮಾಡುವ ಅನೋರೆಕ್ಸಿಯಾಕ್ಕಿಂತ ಬುಲಿಮಿಯಾ (ವಿಪರೀತ ತಿಂದು ವಾಂತಿಯಂಥ ದಾರಿಯಲ್ಲಿ ಹೊರಹಾಕುವುದು), ಬಿಂಜ್ ಈಟಿಂಗ್ (ಹಿಡಿತ ತಪ್ಪಿ ಒಮ್ಮೆಲೇ ವಿಪರೀತ ತಿನ್ನುವುದು), ಮತ್ತು ವಾಂತಿ-ಭೇದಿಯ ದಾರಿ ಹಿಡಿದ ಅನೋರೆಕ್ಸಿಯಾದಲ್ಲಿ ಆಘಾತದ ಹಿನ್ನೆಲೆ ಹೆಚ್ಚಾಗಿ ಕಾಣುತ್ತದೆ. ಅಂದಮಾತ್ರಕ್ಕೆ ಬುಲಿಮಿಯಾ ಇರುವ ಎಲ್ಲರಿಗೂ ಅಂಥ ಹಿನ್ನೆಲೆ ಇರುತ್ತದೆ ಎಂದಲ್ಲ. ‘ನಿಮಗೆ ನೆನಪಿಲ್ಲದಿರಬಹುದು, ಆದರೆ ಏನೋ ಆಗಿರಲೇಬೇಕು’ ಎಂಬ ಮಾತು ಚಿಕಿತ್ಸಕರ ಬಾಯಿಂದ ಎಂದೂ ಬರಬಾರದು. ಇಲ್ಲದ ನೆನಪನ್ನು ಸೂಚನೆಯಿಂದ ಹುಟ್ಟಿಸಲು ಸಾಧ್ಯ, ಮತ್ತು ಅದರಿಂದಾಗುವ ಹಾನಿ ದೊಡ್ಡದು. ಕೇಳುವುದು ಬೇರೆ, ಕೆದಕಿ ಹೊರತೆಗೆಯುವುದು ಬೇರೆ.

ದೌರ್ಜನ್ಯ ಆಗಿದ್ದವರಲ್ಲಿ ಊಟದ ಲಕ್ಷಣಗಳು ಏನು ಕೆಲಸ ಮಾಡುತ್ತಿವೆ ಎಂಬುದು ಮುಖ್ಯ ಪ್ರಶ್ನೆ. ಒಬ್ಬರಿಗೆ ಹಸಿವು ಮೈಯನ್ನು ಮರಗಟ್ಟಿಸುತ್ತದೆ, ನೆನಪು ಮಂಕಾಗುತ್ತದೆ. ಇನ್ನೊಬ್ಬರಿಗೆ ಬಿಂಜ್ ಮಾಡುವ ಹೊತ್ತು ತಾನು ಇಲ್ಲಿ ಇಲ್ಲವೇ ಇಲ್ಲ ಎನ್ನಿಸುವ ಬಿಡುವು. ಕೆಲವರಿಗೆ ವಾಂತಿ ಎಂದರೆ ಒಳಗಿನ ಹೊಲಸನ್ನು ಹೊರಹಾಕಿದ ಹಾಗೆ. ತೂಕ ಇಳಿಸಿ ಎದೆ-ಸೊಂಟದ ಆಕಾರವನ್ನೂ ಮುಟ್ಟನ್ನೂ ಇಲ್ಲವಾಗಿಸಿಕೊಳ್ಳುವವರು ಇದ್ದಾರೆ. ಯಾರ ಕಣ್ಣಿಗೂ ಬೀಳದಿರಲಿ ಎಂದು ತೂಕ ಏರಿಸಿ ಅದನ್ನೇ ಕವಚ ಮಾಡಿಕೊಂಡವರೂ ಇದ್ದಾರೆ. ಬಾಯಿಯ ಮೂಲಕ ದೌರ್ಜನ್ಯ ಆಗಿದ್ದರೆ ಕೆಲವು ಪದಾರ್ಥಗಳ ಲೋಳೆತನ, ವಾಸನೆ, ನುಂಗುವ ಕ್ರಿಯೆಯೇ ಓಕರಿಕೆ ತರಬಹುದು. ಅದನ್ನು ತೂಕದ ಭಯ ಎಂದು ಓದಿದರೆ ಇಡೀ ಚಿಕಿತ್ಸೆ ತಪ್ಪು ದಾರಿಗೆ ಹೋಗುತ್ತದೆ. ಹೊಟ್ಟೆ ತುಂಬಿದ ಭಾವ ಕೂಡ ಹಾಗೆಯೇ. ಹೊಟ್ಟೆಯ ಒತ್ತಡ ಕೆಲವರಿಗೆ ಕೊಬ್ಬಿನ ಚಿಂತೆ ತಂದರೆ, ಇನ್ನು ಕೆಲವರಿಗೆ ಮೈಮೇಲೆ ಬಿದ್ದ ಇನ್ನೊಂದು ದೇಹದ ಭಾರವನ್ನು ನೆನಪಿಸುತ್ತದೆ.

ಇದರ ಜೊತೆಗೆ ಹಸಿವಿನದ್ದೇ ಒಂದು ಪಾಲಿದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ 36 ಆರೋಗ್ಯವಂತ ಪುರುಷರು ಸ್ವಯಂಪ್ರೇರಿತರಾಗಿ ಅರೆಹೊಟ್ಟೆಯಲ್ಲಿ ಬದುಕಿದ ಪ್ರಯೋಗ ನಡೆಯಿತು. ಯಾವ ಮಾನಸಿಕ ಕಾಯಿಲೆಯೂ ಇಲ್ಲದ ಅವರಲ್ಲೂ ಊಟದ ಬಗ್ಗೆ ಗೀಳು, ಸಿಡುಕು, ಮಂಕು, ಜನರಿಂದ ದೂರ ಸರಿಯುವುದು, ಗಮನ ನಿಲ್ಲದಿರುವುದು ಕಾಣಿಸಿಕೊಂಡವು. ಆದ್ದರಿಂದ ಹಸಿದಿರುವವರ ಭಾವನೆ ಬತ್ತಿರುವುದೆಲ್ಲ ಆಘಾತದ ಫಲ ಎನ್ನುವಂತಿಲ್ಲ. ಊಟ ಒಂದು ಮಟ್ಟಕ್ಕೆ ಬಂದ ಮೇಲೆ ಉಳಿಯುವುದೇನು ಎಂದು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ.

ನಿಮ್ಮನ್ನೇ ಮೊದಲು ಅಳೆದುಕೊಳ್ಳಿ

ಪ್ರಮಾಣಪತ್ರಗಳ ಪಟ್ಟಿ ಇಲ್ಲಿ ಹೆಚ್ಚೇನೂ ಹೇಳುವುದಿಲ್ಲ. ಈ ಪ್ರಶ್ನೆಗಳಿಗೆ ಬರೆದು ಉತ್ತರಿಸಿ.

‘ಅತ್ಯಾಚಾರ’, ‘ಯೋನಿ’, ‘ಶಿಶ್ನ’, ‘ವಾಂತಿ ಮಾಡಿಕೊಳ್ಳುವುದು’ ಎಂಬ ಪದಗಳನ್ನು ತಡವರಿಸದೆ, ದನಿ ತಗ್ಗಿಸದೆ ಹೇಳಬಲ್ಲಿರಾ? ನೀವು ಸುತ್ತು ಬಳಸಿ ಮಾತಾಡಿದರೆ ಎದುರಿಗಿರುವವರು ‘ಇದು ಹೇಳಬಾರದ ವಿಷಯ’ ಎಂದೇ ತಿಳಿಯುತ್ತಾರೆ. ವಾರಕ್ಕೊಮ್ಮೆ ತೂಕ ನೋಡುವುದು, ಊಟದ ದಾಖಲೆ ಓದುವುದು, ಇವನ್ನು ಹಿಂಜರಿಕೆಯಿಲ್ಲದೆ ಮಾಡಬಲ್ಲಿರಾ? ಆಘಾತಕ್ಕಾಗಿಯೇ ರೂಪಿಸಿದ, ಸಾಕ್ಷ್ಯವಿರುವ ಒಂದು ಚಿಕಿತ್ಸೆಯನ್ನಾದರೂ ಮೇಲ್ವಿಚಾರಣೆಯಡಿ ಆರಂಭದಿಂದ ಕೊನೆಯವರೆಗೆ ನಡೆಸಿದ್ದೀರಾ? ಎರಡು ದಿನದ ಕಾರ್ಯಾಗಾರಕ್ಕೆ ಹೋಗಿಬಂದಿರುವುದು ಸಾಲದು. ರಕ್ತಪರೀಕ್ಷೆಯ ವರದಿಯಲ್ಲಿ ಪೊಟ್ಯಾಸಿಯಂ ಎಲ್ಲಿದೆ ಎಂದು ಹುಡುಕಿ ಓದಬಲ್ಲಿರಾ? ಸೆಷನ್ ನಡುವೆ ಎದುರಿಗಿರುವವರ ಕಣ್ಣು ಶೂನ್ಯವಾಗಿ, ಮಾತು ನಿಂತರೆ ಮುಂದಿನ ಎರಡು ನಿಮಿಷ ಏನು ಮಾಡುತ್ತೀರಿ ಎಂಬುದು ಈಗಲೇ ಗೊತ್ತಿದೆಯಾ?

ಇನ್ನೆರಡು ಪ್ರಶ್ನೆಗಳು ಕಷ್ಟದವು. ನಿಮ್ಮ ಸ್ವಂತ ಊಟ, ತೂಕ, ಡಯಟ್‌ಗಳ ಬಗ್ಗೆ ನಿಮ್ಮ ನಿಲುವೇನು? ತಾವೇ ಊಟ ಬಿಟ್ಟು ಸೆಷನ್ ಮೇಲೆ ಸೆಷನ್ ನಡೆಸುವ ಚಿಕಿತ್ಸಕರ ಬಾಯಲ್ಲಿ ‘ಹೊತ್ತಿಗೆ ಸರಿಯಾಗಿ ಊಟ ಮಾಡಿ’ ಎಂಬ ಮಾತಿಗೆ ತೂಕವಿಲ್ಲ. ನಿಮಗೂ ಲೈಂಗಿಕ ಆಘಾತದ ಹಿನ್ನೆಲೆ ಇದ್ದರೆ ಅದು ಅನರ್ಹತೆಯಲ್ಲ. ಆದರೆ ಅದಕ್ಕೆ ನಿಮ್ಮದೇ ಚಿಕಿತ್ಸೆ ಆಗಿದೆಯೇ, ಮೇಲ್ವಿಚಾರಕರೊಂದಿಗೆ ಆ ವಿಷಯ ಎತ್ತಲು ದಾರಿ ಇದೆಯೇ ಎಂಬುದು ಮುಖ್ಯ.

‘ಇಲ್ಲ’ ಎಂದು ಬಂದ ಉತ್ತರಗಳೇ ನಿಮ್ಮ ಮುಂದಿನ ತರಬೇತಿಯ ಪಟ್ಟಿ. ಒಂದು ಕಡೆಯ ಕೌಶಲ ಪೂರ್ತಿ ಇಲ್ಲದಿದ್ದರೆ ಆ ಕಡೆ ಬಲ್ಲ ಸಹೋದ್ಯೋಗಿಯೊಂದಿಗೆ ಜೊತೆಯಾಗಿ ಕೆಲಸ ಮಾಡಬಹುದು. ಆಗ ಯೋಜನೆ ಒಂದೇ ಇರಲಿ, ಇಬ್ಬರೂ ವಾರಕ್ಕೊಮ್ಮೆ ಮಾತಾಡಿಕೊಳ್ಳಲಿ. ಇಬ್ಬರು ಚಿಕಿತ್ಸಕರು ಎರಡು ದಿಕ್ಕಿಗೆ ಎಳೆಯುವುದಕ್ಕಿಂತ ಒಬ್ಬರೇ ನಿಧಾನವಾಗಿ ನಡೆಸುವುದು ಮೇಲು.

ದೇಹದ ಅಪಾಯವನ್ನು ಇನ್ನೊಬ್ಬರ ತಲೆಗೆ ಕಟ್ಟಿ ಸುಮ್ಮನಾಗಬೇಡಿ

ಮೊದಲ ಭೇಟಿಗೂ ಮುಂಚೆ ನಿಮ್ಮ ಬಳಿ ಮೂರು ಸಂಪರ್ಕಗಳಿರಬೇಕು: ರಕ್ತಪರೀಕ್ಷೆ ಮತ್ತು ಇಸಿಜಿ ಮಾಡಿಸಿ ಓದುವ ವೈದ್ಯರು, ಈಟಿಂಗ್ ಡಿಸಾರ್ಡರ್ ಬಲ್ಲ ಡಯಟಿಶಿಯನ್, ಔಷಧಿ ನೋಡಿಕೊಳ್ಳುವ ಮನೋವೈದ್ಯರು. ಆರಂಭದಲ್ಲೇ ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಸಿಯಂ, ಸಕ್ಕರೆ, ಮೂತ್ರಪಿಂಡ-ಯಕೃತ್ತಿನ ಪರೀಕ್ಷೆ, ರಕ್ತಕಣಗಳ ಎಣಿಕೆ, ಇಸಿಜಿ ಆಗಬೇಕು. ಮಲಗಿದ್ದಾಗ ಮತ್ತು ಎದ್ದು ನಿಂತಾಗ ಎರಡೂ ಬಾರಿ ನಾಡಿ, ರಕ್ತದೊತ್ತಡ ನೋಡಬೇಕು. ವಾಂತಿ ಅಥವಾ ಭೇದಿಮಾತ್ರೆ ಇದ್ದರೆ ಪರೀಕ್ಷೆ ಮತ್ತೆ ಮತ್ತೆ ಬೇಕು. ಎಷ್ಟು ದಿನಕ್ಕೊಮ್ಮೆ ಎಂಬುದನ್ನು ವೈದ್ಯರೇ ಬರೆದುಕೊಡಲಿ.

ವಯಸ್ಕರಲ್ಲಿ ಎಚ್ಚರವಿದ್ದಾಗ ನಾಡಿ ನಿಮಿಷಕ್ಕೆ 40ಕ್ಕಿಂತ ಕೆಳಗಿಳಿದರೆ, ರಕ್ತದ ಪೊಟ್ಯಾಸಿಯಂ 2.5 mmol/Lಗಿಂತ ಕಡಿಮೆಯಾದರೆ, ಪ್ರಜ್ಞೆ ತಪ್ಪಿದರೆ, ಎದೆನೋವು ಬಂದರೆ, ವಾಂತಿಯಲ್ಲಿ ರಕ್ತ ಕಂಡರೆ ಅದು ತುರ್ತು ಚಿಕಿತ್ಸೆಯ ವಿಷಯ. ಮುಂದಿನ ಸೆಷನ್‌ವರೆಗೆ ಕಾಯುವಂತಿಲ್ಲ. ಪೊಟ್ಯಾಸಿಯಂ 3.0ರ ಕೆಳಗಿದ್ದರೂ ಅದೇ ದಿನ ವೈದ್ಯರಿಗೆ ತಿಳಿಸಿ. ಎದ್ದು ನಿಂತಾಗ ಮೇಲಿನ ರಕ್ತದೊತ್ತಡ 20ಕ್ಕಿಂತ ಹೆಚ್ಚು ಇಳಿಯುವುದು ಕೂಡ ಎಚ್ಚರಿಕೆಯ ಗಂಟೆ.

ಇಲ್ಲಿ ಎರಡು ತಪ್ಪುಗಳು ಪದೇಪದೇ ಆಗುತ್ತವೆ. ತೂಕ ‘ನಾರ್ಮಲ್’ ಇದೆ ಎಂದು ಪರೀಕ್ಷೆ ಬಿಡುವುದು ಒಂದು. ವಾಂತಿ ಮಾಡುವವರ ತೂಕ ಸಾಮಾನ್ಯವಾಗಿದ್ದೂ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬಹುಕಾಲ ಹಸಿದವರಿಗೆ ‘ಇನ್ನು ಮೇಲೆ ಚೆನ್ನಾಗಿ ಊಟ ಮಾಡಿ’ ಎಂದು ಥೆರಪಿಸ್ಟೇ ಹೇಳಿಬಿಡುವುದು ಇನ್ನೊಂದು. ಹಸಿದ ದೇಹಕ್ಕೆ ಒಮ್ಮೆಲೇ ಆಹಾರ ಹೆಚ್ಚಾದಾಗ ರಕ್ತದ ಫಾಸ್ಫೇಟ್ ಕುಸಿಯಬಹುದು, ಅದು ಹೃದಯಕ್ಕೆ ಅಪಾಯ. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ, ಊಟ ಶುರುವಾದ ಮೊದಲ ದಿನಗಳಲ್ಲೇ ಅದರ ಭಯ ಹೆಚ್ಚು. ಎಷ್ಟು, ಹೇಗೆ ಏರಿಸಬೇಕು ಎಂಬುದು ವೈದ್ಯರು ಮತ್ತು ಡಯಟಿಶಿಯನ್ ಜೊತೆ ಕೂತು ನಿರ್ಧರಿಸಬೇಕಾದದ್ದು.

ಔಷಧಿಯ ಬಗ್ಗೆ ಥೆರಪಿಸ್ಟ್‌ಗೆ ಗೊತ್ತಿರಬೇಕಾದ ಒಂದು ಮಾತು: ಬ್ಯುಪ್ರೊಪಿಯಾನ್ ಅನ್ನು ಬುಲಿಮಿಯಾ ಅಥವಾ ಅನೋರೆಕ್ಸಿಯಾ ಇದ್ದವರಿಗೆ, ಹಿಂದೆ ಇದ್ದವರಿಗೂ, ಕೊಡಬಾರದು, ಫಿಟ್ಸ್ (ಸೆಳವು) ಬರುವ ಅಪಾಯ ಹೆಚ್ಚುತ್ತದೆ. ವಾಂತಿಯ ವಿಷಯವನ್ನು ನಿಮ್ಮೊಬ್ಬರಿಗೇ ಹೇಳಿರುವ ವ್ಯಕ್ತಿಗೆ ಬೇರೊಬ್ಬ ವೈದ್ಯರು ಖಿನ್ನತೆಗೆಂದು ಅದನ್ನೇ ಬರೆದಿರಬಹುದು. ಕೇಳಿ ನೋಡಿ.

ಕೇಳುವ ರೀತಿ

ಕೇಳುವ ಮುಂಚೆ ಗೋಪ್ಯತೆಯ ಮಿತಿಯನ್ನು ಹೇಳಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ವರದಿ ಮಾಡುವ ಬಗ್ಗೆ ನೀವು ಕೆಲಸ ಮಾಡುವ ಕಡೆಯ ಕಾನೂನು ಏನು ಹೇಳುತ್ತದೆ, ವಯಸ್ಕರು ತಮ್ಮ ಬಾಲ್ಯದ ಘಟನೆ ಹೇಳಿದರೆ ಅದು ಅನ್ವಯಿಸುತ್ತದೆಯೇ, ದೌರ್ಜನ್ಯ ಮಾಡಿದ ವ್ಯಕ್ತಿಯ ಹತ್ತಿರ ಈಗಲೂ ಮಕ್ಕಳಿದ್ದರೆ ಏನು ಮಾಡಬೇಕು, ಇದೆಲ್ಲ ಬಾಯಿಪಾಠ ಇರಲಿ. ಎಲ್ಲ ಹೇಳಿಸಿಕೊಂಡ ಮೇಲೆ ‘ಇದನ್ನು ನಾನು ವರದಿ ಮಾಡಲೇಬೇಕು’ ಎಂದರೆ ಆ ವ್ಯಕ್ತಿಗೆ ಅದು ಎರಡನೇ ವಂಚನೆ.

ಪ್ರಶ್ನೆ ನೇರವಾಗಿರಲಿ, ಉತ್ತರ ಸಣ್ಣದಾಗಿರಲು ಅವಕಾಶ ಇರಲಿ. ಹೀಗೆ ಕೇಳಬಹುದು: ‘ಊಟದ ತೊಂದರೆ ಇರುವ ಎಲ್ಲರಿಗೂ ನಾನು ಈ ಪ್ರಶ್ನೆ ಕೇಳ್ತೀನಿ. ನಿಮಗೆ ಇಷ್ಟವಿಲ್ಲದ ಲೈಂಗಿಕ ಅನುಭವ ಯಾವಾಗಲಾದರೂ, ಚಿಕ್ಕವರಿದ್ದಾಗ ಆಗಲಿ ಆಮೇಲಾಗಲಿ, ಆಗಿದೆಯಾ? ಹೌದು ಅಥವಾ ಇಲ್ಲ ಅಂದರೆ ಸಾಕು. ವಿವರ ಈಗ ಬೇಡ. ಉತ್ತರ ಕೊಡದಿದ್ದರೂ ಚಿಕಿತ್ಸೆ ನಿಲ್ಲೋದಿಲ್ಲ.’ ಗಂಡಸರಿಗೂ ಇದೇ ಪ್ರಶ್ನೆ, ಇದೇ ದನಿ. ಅವರನ್ನು ಕೇಳುವವರೇ ಕಡಿಮೆ. ಅದರಿಂದ ಹೇಳುವವರೂ ಕಡಿಮೆ.

‘ಹೌದು’ ಎಂದರೆ ಮೊದಲು ಹೇಳಬೇಕಾದದ್ದು: ‘ಹೇಳಿದ್ದು ಒಳ್ಳೆಯದಾಯ್ತು. ಅದರಲ್ಲಿ ನಿಮ್ಮ ತಪ್ಪಿಲ್ಲ.’ ಆಮೇಲೆ ಎರಡೇ ಪ್ರಶ್ನೆ: ಈಗ ನೀವು ಸುರಕ್ಷಿತವಾಗಿದ್ದೀರಾ? ಆ ಅನುಭವಕ್ಕೂ ಊಟಕ್ಕೂ ಸಂಬಂಧ ಇದೆ ಅಂತ ನಿಮಗೆ ಅನ್ನಿಸುತ್ತಾ? ಅವರೇ ವಿವರಗಳಿಗೆ ಇಳಿದು ಮೈ ನಡುಗಲು ಶುರುವಾದರೆ ಮೃದುವಾಗಿ ತಡೆಯಿರಿ. ಮೊದಲ ದಿನವೇ ಎಲ್ಲ ಹೇಳಿಬಿಟ್ಟವರು ಆ ರಾತ್ರಿ ಬಿಂಜ್ ಮಾಡಿ, ನಾಚಿಕೆಪಟ್ಟು, ಮತ್ತೆ ಬಾರದೇ ಇರುವುದು ಸಾಮಾನ್ಯ. ಸೆಷನ್‌ನ ಕೊನೆಯ ಹತ್ತು ನಿಮಿಷವನ್ನು ‘ಇವತ್ತು ಸಂಜೆ ಏನು ಮಾಡ್ತೀರಿ, ರಾತ್ರಿ ಊಟಕ್ಕೆ ಯಾರಿರ್ತಾರೆ’ ಎಂಬುದಕ್ಕೇ ಮೀಸಲಿಡಿ.

ಪ್ರಶ್ನಾವಳಿಗಳು ಈ ಮಾತುಕತೆಗೆ ಬದಲಿಯಲ್ಲ, ಆದರೆ ಬೇಕು. ಈಟಿಂಗ್ ಡಿಸಾರ್ಡರ್ ಇರಬಹುದೇ ಎಂದು ನೋಡುವ ಸ್ಕಾಫ್‌ನಲ್ಲಿ 5 ಪ್ರಶ್ನೆ, ಎರಡಕ್ಕೆ ‘ಹೌದು’ ಬಂದರೆ ಮುಂದೆ ಪರಿಶೀಲಿಸಬೇಕು. ಇಡಿಇ-ಕ್ಯೂ ಹಿಂದಿನ 28 ದಿನಗಳ ಊಟದ ವರ್ತನೆಯನ್ನು ಕೇಳುತ್ತದೆ. ಆಘಾತದ ಲಕ್ಷಣಗಳನ್ನು ಅಳೆಯುವ ಪಿಸಿಎಲ್-5ರಲ್ಲಿ 20 ಪ್ರಶ್ನೆ, ಒಟ್ಟು 80 ಅಂಕ. 31ರಿಂದ 33ರ ಆಸುಪಾಸಿನಿಂದ ಮೇಲೆ ಬಂದರೆ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆ) ಇರಬಹುದೆಂದು ವಿವರವಾಗಿ ನೋಡಬೇಕು. ಇಲ್ಲಿದ್ದೂ ಇಲ್ಲದಂತಾಗುವ ಡಿಸೋಸಿಯೇಶನ್‌ಗೆ 28 ಪ್ರಶ್ನೆಗಳ ಡಿಇಎಸ್ ಇದೆ. ಸರಾಸರಿ 30 ದಾಟಿದರೆ ಆಘಾತದ ನೆನಪಿಗೆ ಕೈಹಾಕುವ ಮುನ್ನ ಅನುಭವಿಗಳ ಸಲಹೆ ತೆಗೆದುಕೊಳ್ಳಿ. ದೀರ್ಘಕಾಲ ದೌರ್ಜನ್ಯ ನಡೆದಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-11ರಲ್ಲಿ ಬಂದಿರುವ ಕಾಂಪ್ಲೆಕ್ಸ್ ಪಿಟಿಎಸ್‌ಡಿಯನ್ನೂ ನೋಡಬೇಕು. ಭಾವನೆಗಳನ್ನು ನಿಭಾಯಿಸಲಾಗದಿರುವುದು, ತಾನು ನಿಷ್ಪ್ರಯೋಜಕ ಎಂಬ ಗಟ್ಟಿ ನಂಬಿಕೆ, ಸಂಬಂಧಗಳಲ್ಲಿ ಉಳಿಯಲಾಗದಿರುವುದು ಈ ಮೂರೂ ಪಿಟಿಎಸ್‌ಡಿ ಲಕ್ಷಣಗಳ ಜೊತೆ ಸೇರಿರುತ್ತವೆ.

ಒಂದು ಹಾಳೆಯ ನಕ್ಷೆ

ಎರಡನೇ ಅಥವಾ ಮೂರನೇ ಭೇಟಿಯಲ್ಲಿ ಇಬ್ಬರೂ ಕೂಡಿ ಬರೆಯಿರಿ. ಇತ್ತೀಚಿನ ಒಂದೇ ಒಂದು ಬಿಂಜ್ ಅಥವಾ ಊಟ ಬಿಟ್ಟ ಘಟನೆಯನ್ನು ತೆಗೆದುಕೊಂಡು ಹಿಂದಕ್ಕೆ ಹೋಗಿ: ಅದಕ್ಕೆ ಮುಂಚೆ ಏನಾಯಿತು, ಮೈಯಲ್ಲಿ ಏನನ್ನಿಸಿತು, ಯಾವ ಮಾತು ತಲೆಯಲ್ಲಿ ಓಡಿತು, ಆಮೇಲೆ ಏನು ಹಗುರವಾಯಿತು, ಇನ್ನೂ ಒಂದು ಗಂಟೆ ಬಿಟ್ಟು ಏನಾಯಿತು. ಒಂದೇ ಲಕ್ಷಣಕ್ಕೆ ಎರಡು ಬೇರುಗಳಿರುವುದು ಇಲ್ಲಿ ಬಯಲಾಗುತ್ತದೆ. ಮಧ್ಯಾಹ್ನದ ಊಟ ಬಿಟ್ಟಿದ್ದರಿಂದ ಬಂದ ಬಿಂಜ್‌ಗೆ ಮದ್ದು ಮಧ್ಯಾಹ್ನದ ಊಟ. ದುಃಸ್ವಪ್ನದಿಂದ ಎದ್ದು ನಡುರಾತ್ರಿ ಬಂದ ಬಿಂಜ್‌ಗೆ ಅದು ಸಾಲದು. ಎಲ್ಲವನ್ನೂ ಆಘಾತಕ್ಕೆ ಜೋಡಿಸುವ ಆಸೆಯನ್ನು ತಡೆದುಕೊಳ್ಳಿ. ನಮ್ಮ ದೃಷ್ಟಿಯಲ್ಲಿ ಆಘಾತ ಬಲ್ಲ ಥೆರಪಿಸ್ಟ್‌ಗಳು ಹೆಚ್ಚಾಗಿ ಎಡವುವುದು ಇಲ್ಲೇ.

ಊಟದ ಕೆಲಸ: ಬಿಡಬೇಡಿ, ಬದಲಿಸಿಕೊಳ್ಳಿ

ಆಘಾತದ ವಿಷಯ ತಿಳಿದ ಕೂಡಲೇ ಅನೇಕ ಚಿಕಿತ್ಸಕರು ಊಟದ ಮೇಲಿನ ಕೆಲಸವನ್ನು ಸಡಿಲ ಬಿಡುತ್ತಾರೆ. ‘ಪಾಪ, ಇಷ್ಟೆಲ್ಲ ಅನುಭವಿಸಿದ್ದಾರೆ, ತೂಕದ ಯಂತ್ರದ ಮೇಲೆ ನಿಲ್ಲಿಸುವುದು ಹೇಗೆ’ ಎಂಬ ಕನಿಕರ ಅದು. ಕನಿಕರ ನಿಜವಾದದ್ದೇ, ಆದರೆ ಅದರಿಂದ ಕಾಯಿಲೆ ಬೆಳೆಯುತ್ತದೆ. ಈಟಿಂಗ್ ಡಿಸಾರ್ಡರ್‌ಗೆಂದೇ ರೂಪಿಸಿದ ಮಾತಿನ ಚಿಕಿತ್ಸೆಯಾದ ಸಿಬಿಟಿ-ಇ ಕ್ರಮದಲ್ಲಿ ತೂಕ ಕಡಿಮೆಯಿಲ್ಲದವರಿಗೆ ಸುಮಾರು 20 ಸೆಷನ್, ಕಡಿಮೆ ತೂಕದವರಿಗೆ ಸುಮಾರು 40 ಸೆಷನ್ ಬೇಕು. ಮೊದಲ ನಾಲ್ಕು ವಾರ ವಾರಕ್ಕೆರಡು ಬಾರಿ. ತಳಹದಿ ಒಂದೇ: ದಿನಕ್ಕೆ ಮೂರು ಊಟ, ಎರಡು-ಮೂರು ಸಣ್ಣ ತಿಂಡಿ, ನಡುವೆ ನಾಲ್ಕು ಗಂಟೆಗಿಂತ ಹೆಚ್ಚು ಅಂತರವಿಲ್ಲ. ಇದು ಆಘಾತವಿದ್ದವರಿಗೂ ಅಷ್ಟೇ ಅನ್ವಯ. ವಾಸ್ತವದಲ್ಲಿ ಅವರಿಗೆ ಇನ್ನೂ ಹೆಚ್ಚು ಬೇಕು, ಏಕೆಂದರೆ ಹಸಿದ ಮೆದುಳು ಹೊಸದನ್ನು ಕಲಿಯುವುದಿಲ್ಲ, ಆಘಾತದ ಚಿಕಿತ್ಸೆ ಎಂದರೆ ಕಲಿಕೆಯೇ.

ಬದಲಾಗಬೇಕಾದದ್ದು ನಡೆಸುವ ವಿಧಾನ. ತೂಕ ನೋಡುವಾಗ ಬಟ್ಟೆ ಬಿಚ್ಚಿಸಬೇಡಿ. ಹೊರಗಿನ ದಪ್ಪ ಬಟ್ಟೆ, ಪಾದರಕ್ಷೆ ತೆಗೆದರೆ ಸಾಕು, ಪ್ರತಿ ಸಲ ಒಂದೇ ಬಗೆಯ ಬಟ್ಟೆ ಇರಲಿ. ಹಿಂದೆ ನಿಲ್ಲಬೇಡಿ, ಪಕ್ಕದಲ್ಲಿ ಅವರಿಗೆ ಕಾಣುವಂತೆ ನಿಲ್ಲಿ. ಯಂತ್ರ ಎಲ್ಲಿದೆ, ಯಾವಾಗ ಹತ್ತಬೇಕು, ಎಷ್ಟು ಹೊತ್ತು ಎಂಬುದನ್ನು ಮೊದಲೇ ಹೇಳಿ, ‘ಸಿದ್ಧವಿದ್ದೀರಾ’ ಎಂದು ಕೇಳಿ. ಮುಟ್ಟಬೇಡಿ, ಸಮಾಧಾನಕ್ಕೂ ಮುಟ್ಟಬೇಡಿ. ಆಸ್ಪತ್ರೆಯ ವಾರ್ಡ್‌ನಲ್ಲಿ ಶೌಚಾಲಯದ ಬಾಗಿಲ ಬಳಿ ಕಾವಲು, ಊಟದ ತಟ್ಟೆಯ ಮೇಲೆ ನೆಟ್ಟ ಕಣ್ಣು, ಆಹಾರ ಕೊಡಲು ಮೂಗಿನ ಕೊಳವೆ ಇವೆಲ್ಲ ಜೀವ ಉಳಿಸುವ ಕ್ರಮಗಳೇ. ಆದರೆ ‘ಬಾಗಿಲ ಹಿಂದೆ ಇನ್ನೊಬ್ಬರು, ನನ್ನ ಬಾಯೊಳಗೆ ನನ್ನ ಒಪ್ಪಿಗೆಯಿಲ್ಲದೆ ಏನೋ’ ಎಂಬ ಅನುಭವ ಮರುಕಳಿಸುವುದೂ ಅಲ್ಲೇ. ಕಾವಲಿಗೆ ಯಾವ ಲಿಂಗದ ಸಿಬ್ಬಂದಿ, ಬಾಗಿಲು ಎಷ್ಟು ತೆರೆದಿರಬೇಕು, ಮಾತಾಡುತ್ತಿರಬೇಕೇ ಸುಮ್ಮನಿರಬೇಕೇ ಎಂಬ ಆಯ್ಕೆಗಳನ್ನು ಕೊಡಲು ಯಾವ ಹೆಚ್ಚಿನ ಖರ್ಚೂ ಇಲ್ಲ.

ಓಕರಿಕೆ ತರುವ ಪದಾರ್ಥಗಳನ್ನು ಬೇರೆ ಪಟ್ಟಿ ಮಾಡಿ. ತೂಕದ ಭಯದಿಂದ ಬಿಟ್ಟ ಪದಾರ್ಥಗಳನ್ನು ಒಂದೊಂದಾಗಿ ಮರಳಿ ತರಬಹುದು. ದೌರ್ಜನ್ಯವನ್ನು ನೆನಪಿಸುವ ಪದಾರ್ಥಗಳನ್ನು ಆಘಾತದ ಕೆಲಸ ಆಗುವವರೆಗೆ ಬದಿಗಿಟ್ಟು, ಅದರಲ್ಲಿರುವ ಪೋಷಕಾಂಶ ಬೇರೆಲ್ಲಿಂದ ಬರುತ್ತದೆ ಎಂದು ಡಯಟಿಶಿಯನ್‌ ಬಳಿ ಕೇಳಿ. ಕನ್ನಡಿ ಮುಂದೆ ನಿಂತು ದೇಹ ನೋಡಿಕೊಳ್ಳುವ ಅಭ್ಯಾಸವನ್ನೂ ಆಮೇಲಕ್ಕೆ ಇಡುವುದೇ ಸರಿ.

ನೆಲಕ್ಕೆ ತರುವ ಅಭ್ಯಾಸಗಳಲ್ಲಿ ಎಡವುವುದು

ನೆನಪು ಮೈಮೇಲೆ ಎರಗಿದಾಗ ಈ ಕ್ಷಣಕ್ಕೆ ಮರಳಿಸುವ ಗ್ರೌಂಡಿಂಗ್ ಅಭ್ಯಾಸಗಳನ್ನು ಎಲ್ಲರೂ ಕಲಿಸುತ್ತಾರೆ. ಈ ಗುಂಪಿಗೆ ಅವುಗಳಲ್ಲಿ ಕೆಲವು ಸಲ್ಲವು. ತಣ್ಣೀರಲ್ಲಿ ಮುಖ ಅದ್ದುವುದು ನಾಡಿಯನ್ನು ಥಟ್ಟನೆ ಇಳಿಸುತ್ತದೆ. ಆಗಲೇ ನಾಡಿ ನಿಧಾನವಿರುವ ಅನೋರೆಕ್ಸಿಯಾದವರಿಗೆ, ಪೊಟ್ಯಾಸಿಯಂ ಏರುಪೇರಾಗಿರುವವರಿಗೆ ವೈದ್ಯರ ಒಪ್ಪಿಗೆಯಿಲ್ಲದೆ ಅದನ್ನು ಹೇಳಿಕೊಡಬಾರದು. ಬೆವರು ಬರುವಷ್ಟು ವ್ಯಾಯಾಮ ಮಾಡಿ ಎನ್ನುವುದು ವ್ಯಾಯಾಮವೇ ಗೀಳಾಗಿರುವವರ ಕೈಗೆ ಇನ್ನೊಂದು ನೆಪ ಕೊಟ್ಟಂತೆ. ಹುಳಿ ಮಿಠಾಯಿ ಬಾಯಿಗೆ ಹಾಕಿಕೊಳ್ಳಿ ಎಂಬುದು ಲೆಕ್ಕ ಹಾಕುವ ಮನಸ್ಸಿಗೆ ಹೊಸ ಯುದ್ಧ. ‘ಕಣ್ಣು ಮುಚ್ಚಿ, ನಿಮ್ಮ ದೇಹದ ಒಂದೊಂದೇ ಭಾಗದ ಕಡೆ ಗಮನ ಕೊಡಿ’ ಎಂಬ ವಿಶ್ರಾಂತಿಯ ಅಭ್ಯಾಸ ಲೈಂಗಿಕ ಆಘಾತವಾದವರನ್ನು ನೇರ ಆ ಕೋಣೆಗೇ ಕರೆದೊಯ್ಯಬಹುದು.

ಸಲ್ಲುವಂಥವು ಸರಳ: ಕಣ್ಣು ತೆರೆದೇ ಇರಲಿ, ಪಾದ ನೆಲಕ್ಕೆ ಒತ್ತಲಿ, ಕೋಣೆಯಲ್ಲಿ ಕಾಣುವ 5 ವಸ್ತುಗಳ ಹೆಸರು, ಕೇಳುವ ಸದ್ದುಗಳು, ಇವತ್ತಿನ ದಿನಾಂಕ, ತಮ್ಮ ಈಗಿನ ವಯಸ್ಸು ಗಟ್ಟಿಯಾಗಿ ಹೇಳುವುದು, ಒರಟು ಬಟ್ಟೆ ಅಥವಾ ಕಲ್ಲನ್ನು ಕೈಯಲ್ಲಿ ಹಿಡಿಯುವುದು. ನೀವು ಅವರ ಹೆಸರು ಹಿಡಿದು, ಸಾಮಾನ್ಯ ದನಿಯಲ್ಲಿ, ಚಿಕ್ಕ ವಾಕ್ಯಗಳಲ್ಲಿ ಮಾತಾಡಿ. ಪಿಸುಗುಟ್ಟಬೇಡಿ, ದೌರ್ಜನ್ಯ ಮಾಡುವವರೂ ಪಿಸುಗುಟ್ಟುತ್ತಾರೆ. ಹತ್ತಿರ ಬರಬೇಡಿ. ಇದನ್ನು ಶಾಂತವಾಗಿರುವ ದಿನಗಳಲ್ಲಿ ಐದಾರು ಬಾರಿ ಅಭ್ಯಾಸ ಮಾಡಿಸಿದರಷ್ಟೇ ಬೇಕಾದ ದಿನ ಕೈಹಿಡಿಯುತ್ತದೆ.

ಆಘಾತದ ಕೆಲಸ ಯಾವಾಗ

‘ಲಕ್ಷಣಗಳೆಲ್ಲ ಹೋದ ಮೇಲೆ’ ಎಂದು ಕಾದರೆ ಆ ದಿನ ಬರುವುದಿಲ್ಲ, ಏಕೆಂದರೆ ಲಕ್ಷಣಗಳನ್ನು ಹಿಡಿದಿಟ್ಟಿರುವುದೇ ಪಿಟಿಎಸ್‌ಡಿ. ‘ಮೊದಲ ವಾರವೇ’ ಎಂದರೆ ಹಸಿದ, ಅಸ್ಥಿರ ದೇಹದ ಮೇಲೆ ಹೊರೆ ಹೇರಿದಂತೆ. ನಡುವಿನ ಗುರುತುಗಳು ಇವು: ವೈದ್ಯರು ‘ಸ್ಥಿರ’ ಎಂದು ಬರೆದುಕೊಟ್ಟಿರಬೇಕು, ಹೆಚ್ಚಿನ ದಿನಗಳಲ್ಲಿ ಮೂರೂ ಊಟ ಆಗುತ್ತಿರಬೇಕು, ತೂಕ ಇಳಿಯುತ್ತಿರಬಾರದು, ಬಿಂಜ್-ವಾಂತಿ ಪೂರ್ತಿ ನಿಲ್ಲಬೇಕಿಲ್ಲ, ಇಳಿಮುಖವಾಗಿರಬೇಕು, ಡಿಸೋಸಿಯೇಶನ್ ಆದಾಗ ನಿಮ್ಮ ಸಹಾಯದಿಂದ ಕೆಲವೇ ನಿಮಿಷಗಳಲ್ಲಿ ಮರಳಲು ಬರಬೇಕು, ಆತ್ಮಹತ್ಯೆಯ ಯೋಚನೆ ಇದ್ದರೆ ಅದಕ್ಕೆ ಬರೆದ ಸುರಕ್ಷತಾ ಯೋಜನೆ ಇದ್ದು, ತಕ್ಷಣದ ಉದ್ದೇಶ ಇರಬಾರದು, ದೌರ್ಜನ್ಯ ಈಗಲೂ ನಡೆಯುತ್ತಿರಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಏನು ಮಾಡಲಿದ್ದೇವೆ ಎಂದು ತಿಳಿದು ಅವರೇ ಒಪ್ಪಿರಬೇಕು.

ಯಾವ ಚಿಕಿತ್ಸೆ ಎಂಬುದಕ್ಕಿಂತ ನೀವು ಚೆನ್ನಾಗಿ ಬಲ್ಲದ್ದು ಯಾವುದು ಎಂಬುದು ಮುಖ್ಯ. ಆಘಾತದಿಂದ ಬಂದ ನಂಬಿಕೆಗಳನ್ನು ಪರಿಶೀಲಿಸುವ ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ ಸಾಮಾನ್ಯವಾಗಿ 12 ಸೆಷನ್. ಅದನ್ನು ಮೊದಲು ರೂಪಿಸಿದ್ದೇ ಅತ್ಯಾಚಾರಕ್ಕೊಳಗಾದವರಿಗಾಗಿ. ಆಘಾತದ ನೆನಪನ್ನು ಹಂತಹಂತವಾಗಿ ಎದುರಿಸುವ ಪ್ರೊಲಾಂಗ್ಡ್ ಎಕ್ಸ್‌ಪೋಶರ್ 8ರಿಂದ 15 ಸೆಷನ್, ಒಂದೊಂದೂ 90 ನಿಮಿಷದವರೆಗೆ. ಕಣ್ಣಿನ ಚಲನೆಯ ಜೊತೆಗೆ ನೆನಪಿನ ಮೇಲೆ ಕೆಲಸ ಮಾಡುವ ಇಎಂಡಿಆರ್‌ಗೆ ಎಂಟು ಹಂತ. ಈಟಿಂಗ್ ಡಿಸಾರ್ಡರ್ ಜೊತೆ ಹೊಂದಿಸಲು ಮೊದಲನೆಯದು ಸುಲಭ ಎಂಬುದು ನಮ್ಮ ಅನಿಸಿಕೆ. ಸುರಕ್ಷತೆ, ನಂಬಿಕೆ, ಹಿಡಿತ, ಸ್ವಾಭಿಮಾನ, ಆತ್ಮೀಯತೆ ಎಂಬ ಅದರ ಐದು ವಿಷಯಗಳು ಊಟದ ಮಾತುಗಳೊಂದಿಗೆ ತಾವಾಗಿಯೇ ಹೆಣೆದುಕೊಳ್ಳುತ್ತವೆ. ‘ತೆಳ್ಳಗಿದ್ದರೆ ಯಾರೂ ನನ್ನನ್ನು ಬಯಸುವುದಿಲ್ಲ, ಆಗ ಸುರಕ್ಷಿತ’. ‘ಹಸಿವನ್ನೇ ಆಳಬಲ್ಲೆ, ಹಾಗಾದರೆ ಯಾರೂ ನನ್ನನ್ನು ಆಳಲಾರರು’. ‘ನನ್ನ ಮೈ ಆಗ ಸ್ಪಂದಿಸಿತು, ಅಂದರೆ ನನಗೂ ಬೇಕಿತ್ತು’. ಕೊನೆಯದು ಎಲ್ಲಕ್ಕಿಂತ ಆಳದ ನಾಚಿಕೆ; ದೇಹವನ್ನು ಶಿಕ್ಷಿಸುವ ಹಸಿವು ಅನೇಕ ಬಾರಿ ಇಲ್ಲಿಂದಲೇ ಹುಟ್ಟುತ್ತದೆ. ಮೈ ಸ್ಪಂದಿಸುವುದು ತಾನಾಗಿಯೇ ಆಗುವ ಅನೈಚ್ಛಿಕ ಕ್ರಿಯೆ, ಅದು ಒಪ್ಪಿಗೆಯಲ್ಲ. ಕಿರುಚದೆ, ಓಡದೆ ಮರದಂತೆ ನಿಂತದ್ದೂ ಹಾಗೆಯೇ ದೇಹದ ರಕ್ಷಣಾ ಕ್ರಮ. ಇದನ್ನು ಅವರು ಕೇಳುವವರೆಗೆ ಕಾಯಬೇಡಿ, ಏಕೆಂದರೆ ಕೇಳುವುದಿಲ್ಲ. ‘ಎಷ್ಟೋ ಜನರಿಗೆ ಹೀಗೆ ಆಗಿರುತ್ತೆ, ಅದರ ಬಗ್ಗೆ ಯಾರೂ ಹೇಳೋದಿಲ್ಲ’ ಎಂದು ನೀವೇ ಎತ್ತಿ.

ಆಘಾತದ ಸೆಷನ್ ಇರುವ ದಿನದ ಊಟವನ್ನು ಹಿಂದಿನ ವಾರವೇ ಬರೆದಿಡಿ. ಸೆಷನ್‌ಗೆ ಒಂದೆರಡು ಗಂಟೆ ಮುಂಚೆ ತಿಂದಿರಬೇಕು. ಬಾಗಿಲಲ್ಲೇ ‘ಇವತ್ತು ಏನು ತಿಂದಿರಿ’ ಎಂದು ಕೇಳಿ. ಏನೂ ತಿಂದಿಲ್ಲವೆಂದರೆ ಆ ದಿನ ಮೊದಲು ತಿನ್ನುವುದು, ನೆನಪಿನ ಕೆಲಸ ಆಮೇಲೆ. ಇದು ಶಿಕ್ಷೆಯಲ್ಲ ಎಂದು ವಿವರಿಸಿ. ಬರೆದುಕೊಂಡು ಬರುವ ಮನೆಗೆಲಸವನ್ನು ರಾತ್ರಿ ಒಂಟಿಯಾಗಿ, ಬಿಂಜ್ ಬರುವ ಹೊತ್ತಿಗೆ ಮಾಡದಂತೆ ಹೊತ್ತು ಗೊತ್ತುಮಾಡಿ. ಸೆಷನ್ ಮುಗಿದ ಮೇಲಿನ ಮೊದಲ ಊಟ ಯಾರ ಜೊತೆ ಎಂಬುದೂ ಬರೆದಿರಲಿ.

ಒಂದು ಇಳಿದಾಗ ಇನ್ನೊಂದು ಏರುತ್ತದೆ

ಇದನ್ನು ಮೊದಲೇ ಹೇಳದಿದ್ದರೆ ಇಬ್ಬರೂ ಗಾಬರಿಯಾಗುತ್ತೀರಿ. ಊಟ ಸರಿಹೋದಂತೆ ಮರಗಟ್ಟಿದ್ದ ಭಾವನೆ ಕರಗುತ್ತದೆ. ದುಃಸ್ವಪ್ನ, ಬೆಚ್ಚಿಬೀಳುವುದು, ಮೈಮುಟ್ಟಿದರೆ ಅಸಹ್ಯ ಹೆಚ್ಚುತ್ತವೆ. ತೂಕ ಏರಿ ಮುಟ್ಟು ಮರಳಿದ ತಿಂಗಳು ವಿಶೇಷವಾಗಿ ಕಷ್ಟದ್ದು. ಇತ್ತ ಆಘಾತದ ಕೆಲಸ ಶುರುವಾದ ಎರಡು-ಮೂರು ವಾರ ಬಿಂಜ್ ಅಥವಾ ಊಟ ಬಿಡುವುದು ಸ್ವಲ್ಪ ಏರಬಹುದು. ಕೆಲವೊಮ್ಮೆ ವಾಂತಿ ನಿಂತು ಮೈ ಕುಯ್ದುಕೊಳ್ಳುವುದೋ ಕುಡಿತವೋ ಶುರುವಾಗುತ್ತದೆ. ಅದಕ್ಕೇ ಪ್ರತಿ ವಾರ ಒಂದೇ ಹಾಳೆಯಲ್ಲಿ ಇವನ್ನೆಲ್ಲ ಪಕ್ಕಪಕ್ಕ ಬರೆಯಿರಿ: ಆದ ಊಟಗಳ ಸಂಖ್ಯೆ, ಬಿಂಜ್-ವಾಂತಿ, ತೂಕದ ಗತಿ, ಪಿಸಿಎಲ್-5 ಅಂಕ, ಮೈಗೆ ಹಾನಿ, ಕುಡಿತ, ಸಾಯುವ ಯೋಚನೆ.

ಒಂದು ವಾರ ಏರಿದರೆ ನಡೆಸಿಕೊಂಡು ಹೋಗಿ. ಎರಡು-ಮೂರು ವಾರ ಸತತ ಏರಿದರೆ ಆಘಾತದ ಕೆಲಸದ ವೇಗ ತಗ್ಗಿಸಿ, ಊಟದ ಕಡೆ ಹೆಚ್ಚು ಹೊತ್ತು ಕೊಡಿ; ಆದರೆ ಆ ವಿಷಯದ ಬಾಗಿಲು ಮುಚ್ಚಬೇಡಿ. ಎರಡೂ ಕೆಲಸ ಒಂದೇ ಸೆಷನ್‌ನಲ್ಲಿ ನಡೆಯುವಾಗ ಮೊದಲ 15 ನಿಮಿಷ ಊಟದ ದಾಖಲೆ ಮತ್ತು ತೂಕ, ಆಮೇಲೆ ಆಘಾತದ ಕೆಲಸ, ಕೊನೆಗೆ ಮುಂದಿನ ದಿನಗಳ ಊಟದ ಯೋಜನೆ ಎಂದು ಹೊತ್ತು ಹಂಚಿಕೊಂಡರೆ ಒಂದು ಇನ್ನೊಂದನ್ನು ನುಂಗುವುದಿಲ್ಲ. ವೈದ್ಯಕೀಯ ಅಪಾಯ ಬಂದರೆ ಮಾತ್ರ ಆಘಾತದ ಕೆಲಸ ನಿಲ್ಲಿಸಿ, ಯಾವಾಗ ಮತ್ತೆ ಶುರುಮಾಡುತ್ತೇವೆ ಎಂಬ ಗುರುತನ್ನು ಅಂದೇ ಹೇಳಿ. ಗುರುತಿಲ್ಲದೆ ನಿಲ್ಲಿಸಿದರೆ ಅವರ ಕಿವಿಗೆ ಬೀಳುವುದು ‘ನನ್ನ ಕಥೆ ಇವರಿಗೂ ತಡೆಯಲಾಗಲಿಲ್ಲ’ ಎಂದೇ.

ಮೇಲ್ವಿಚಾರಣೆ

ಇಂಥ ಒಬ್ಬರನ್ನು ನೋಡುತ್ತಿದ್ದರೂ ವಾರಕ್ಕೊಮ್ಮೆ ಮೇಲ್ವಿಚಾರಣೆ ಬೇಕು. ‘ಹೇಗೆ ನಡೀತಿದೆ’ ಎಂಬ ಹರಟೆಯಾಗದಿರಲು ಒಪ್ಪಿಗೆ ಪಡೆದ ಸೆಷನ್ ಧ್ವನಿಮುದ್ರಣ ಅಥವಾ ಆ ವಾರದ ಹಾಳೆಯನ್ನು ಮುಂದಿಡಿ. ಮೇಲ್ವಿಚಾರಕರು ಕೇಳಬೇಕಾದದ್ದು: ಈ ವಾರ ತೂಕ ನೋಡಿದಿರಾ, ನೋಡದಿದ್ದರೆ ಯಾರ ಹಿಂಜರಿಕೆ ಅದು? ನೆನಪಿನ ಕೆಲಸ ಮುಂದೂಡಿದಿರಾ, ಯಾರ ಭಯಕ್ಕೆ? ಚಿಕಿತ್ಸಕರು ತಮಗೇ ಅರಿವಿಲ್ಲದೆ ಕಷ್ಟದ ಭಾಗವನ್ನು ಬಿಡುತ್ತ ಹೋಗುವುದು ಈ ಕ್ಷೇತ್ರದಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ; ಅನುಭವ ಹೆಚ್ಚಿದ್ದ ಮಾತ್ರಕ್ಕೆ ಅದು ತಪ್ಪುವುದಿಲ್ಲ. ನಿಮ್ಮ ನಿದ್ದೆ ಕೆಟ್ಟಿದೆಯೇ, ಊಟದ ರುಚಿ ಹೋಗಿದೆಯೇ, ಕೇಳಿದ ದೃಶ್ಯಗಳು ಮನೆಗೂ ಬರುತ್ತಿವೆಯೇ ಎಂಬುದನ್ನೂ ಅಲ್ಲೇ ಹೇಳಿ. ಹೌದಾದರೆ ಈ ಬಗೆಯ ಸೆಷನ್‌ಗಳನ್ನು ಒಂದೇ ದಿನಕ್ಕೆ ಗುಡ್ಡೆ ಹಾಕಬೇಡಿ, ಹೊಸಬರನ್ನು ಸದ್ಯಕ್ಕೆ ತೆಗೆದುಕೊಳ್ಳಬೇಡಿ.

ಕೊನೆಯ ಸೆಷನ್‌ಗಳಲ್ಲಿ

ಮರುಕಳಿಕೆ ತಡೆಯುವ ಯೋಜನೆಯಲ್ಲಿ ತೂಕ, ಒತ್ತಡ, ಡಯಟ್ ಮಾತುಗಳು ಸಾಮಾನ್ಯವಾಗಿ ಇರುತ್ತವೆ. ಇವರಿಗೆ ಇನ್ನಷ್ಟು ಬೇಕು: ಘಟನೆ ನಡೆದ ದಿನಾಂಕ ಅಥವಾ ಋತು, ದೌರ್ಜನ್ಯ ಮಾಡಿದವರು ಬರಬಹುದಾದ ಕುಟುಂಬದ ಸಮಾರಂಭ, ಹೊಸ ಲೈಂಗಿಕ ಸಂಬಂಧ, ಗರ್ಭಧಾರಣೆ, ಹೆರಿಗೆ, ತಮ್ಮ ಮಗು ಆಗಿನ ತಮ್ಮ ವಯಸ್ಸಿಗೆ ಬರುವುದು, ನ್ಯಾಯಾಲಯದ ಹೇಳಿಕೆ. ಸ್ತ್ರೀರೋಗ ಪರೀಕ್ಷೆಗೆ ಹೋಗುವಾಗ ಜೊತೆಗೆ ಯಾರಿರಬೇಕು, ‘ನಿಲ್ಲಿಸಿ’ ಎನ್ನಲು ಯಾವ ಕೈಸನ್ನೆ ಎಂಬುದನ್ನು ಮೊದಲೇ ಅಭ್ಯಾಸ ಮಾಡಿಸಿ. ದಂತವೈದ್ಯರನ್ನು ಮಾತ್ರ ಬಹುತೇಕ ಎಲ್ಲರೂ ಮರೆಯುತ್ತಾರೆ. ವರ್ಷಗಟ್ಟಲೆ ವಾಂತಿ ಮಾಡಿದವರ ಹಲ್ಲಿನ ಎನಾಮೆಲ್ ಸವೆದಿರುತ್ತದೆ, ಚಿಕಿತ್ಸೆ ಬೇಕೇ ಬೇಕು. ಆದರೆ ಮಲಗಿ, ಬಾಯಿ ತೆರೆದು, ಮೇಲೆ ಬಾಗಿದ ಅಪರಿಚಿತರ ಕೈ ಬಾಯೊಳಗೆ ಹೋಗುವುದು ಬಾಯಿಯ ಮೂಲಕ ದೌರ್ಜನ್ಯವಾದವರಿಗೆ ಸಹಿಸಲಾಗದ್ದು. ಕುರ್ಚಿ ಅರ್ಧ ಎತ್ತರಿಸಿರಲಿ, ಪ್ರತಿ ಹೆಜ್ಜೆಗೂ ಮುನ್ನ ಹೇಳಲಿ, ಕೈ ಎತ್ತಿದ ಕೂಡಲೇ ನಿಲ್ಲಿಸಲಿ ಎಂಬ ಮೂರು ಸಾಲಿನ ಚೀಟಿಯನ್ನು ಅವರ ಒಪ್ಪಿಗೆಯೊಂದಿಗೆ ನೀವೇ ಬರೆದುಕೊಡಿ. ಅದರಲ್ಲಿ ಕಾರಣ ಬರೆಯಬೇಕಾಗಿಲ್ಲ.